340 ಫೋಟೋಗಳ ಸ್ಮರಣ ಸಂಚಿಕೆಗೆ ಲಿಬ್ರೆ ಆಫೀಸ್ ರೈಟರ್: ನಾಲ್ಕು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಹಳೆಯ ಲ್ಯಾಪ್‌ಟಾಪ್ ಇದೆ, ನೂರಾರು ಫೋಟೋ ಇರುವ ಪುಸ್ತಕ ಮಾಡಬೇಕು, ಜಾಸ್ತಿ ಖರ್ಚು ಮಾಡುವ ಹಾಗಿಲ್ಲ ಅನ್ನುವವರಿಗೆ ಬರಹ, ಪುಟ ಸಿದ್ಧಪಡಿಸುವ ಉಚಿತ ಪ್ರೋಗ್ರಾಂ ಲಿಬ್ರೆ ಆಫೀಸ್ ರೈಟರ್ ಸಾಕು. ಆದರೆ ಫೋಟೋಗಳನ್ನು ಮೊದಲು ಸರಿಯಾದ ಅಳತೆಗೆ ಇಳಿಸಿಕೊಳ್ಳಬೇಕು. ಅದನ್ನು ಮಾಡದಿದ್ದರೆ ಯಾವ ಸಾಫ್ಟ್‌ವೇರ್ ಹಾಕಿಕೊಂಡರೂ, ಎಷ್ಟು ರ‍್ಯಾಮ್ (ಕೆಲಸದ ಹೊತ್ತಿಗೆ ಕಂಪ್ಯೂಟರ್ ಬಳಸುವ ಮೆಮೊರಿ) ತುಂಬಿಸಿದರೂ ಅದೇ ಗೋಳು. ಇದು ನನಗೆ ಗೊತ್ತಾಗುವ ಹೊತ್ತಿಗೆ ಒಂದೂವರೆ ತಿಂಗಳು ಕಳೆದಿತ್ತು. ಬೇರೆಯವರಿಗೆ ಹಾಗಾಗದಿರಲಿ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಮ್ಮೂರು ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿ. ಅಲ್ಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನೂರು ವರ್ಷ ತುಂಬಿತು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಸ್ಮರಣ ಸಂಚಿಕೆ ತರೋಣ ಅಂತ ತೀರ್ಮಾನವಾಯಿತು. ಬೆಂಗಳೂರಿನಲ್ಲಿ ಇರುವವಳು, ಕಂಪ್ಯೂಟರ್ ಮುಂದೆ ಕೂರುವವಳು ಅಂತ ಪುಟ ಕಟ್ಟುವ ಕೆಲಸ ನನಗೆ ಬಂತು. ಕ್ರೌನ್ 1/4 ಸೈಜು, 228 ಪುಟ, 340 ಫೋಟೋ. ಲೇಖನಗಳಿಗಿಂತ ಫೋಟೋಗಳೇ ಮುಖ್ಯ ಅಂತ ಎಲ್ಲರೂ ಹೇಳಿದ್ದರು, ನನಗೂ ಹಾಗೇ ಅನ್ನಿಸಿತ್ತು. ಎಷ್ಟೋ ಮನೆಗಳಲ್ಲಿ ಅಜ್ಜಿ ತಾತಂದಿರ ಬಾಲ್ಯದ ಫೋಟೋ ಅಂತ ಉಳಿದಿರುವುದು ಶಾಲೆಯಲ್ಲಿ ತೆಗೆಸಿದ ಆ ಒಂದೇ ಗ್ರೂಪ್ ಫೋಟೋ.

ನನ್ನ ಲ್ಯಾಪ್‌ಟಾಪ್ ಏಳು ವರ್ಷದ್ದು. 8 ಜಿಬಿ ರ‍್ಯಾಮ್. ಮೊದಲು ಕೆಲಸ ಶುರು ಮಾಡಿದ್ದು ಅದರಲ್ಲಿ ಮೊದಲಿಂದ ಇದ್ದ ಬೇರೊಂದು ವರ್ಡ್ ಪ್ರೊಸೆಸರ್‌ನಲ್ಲಿ. ಅರವತ್ತು ಪುಟದ ತನಕ ಏನೂ ತೊಂದರೆ ಇರಲಿಲ್ಲ. ಆಮೇಲೆ ಪುಟ ಸರಿಸಿದರೆ ಫೋಟೋ ಜಾಗ ಬಿಳಿಯಾಗಿ ನಿಲ್ಲುತ್ತಿತ್ತು, ಅರ್ಧ ನಿಮಿಷ ಬಿಟ್ಟು ಚಿತ್ರ ಬರುತ್ತಿತ್ತು. ಸೇವ್ ಒತ್ತಿದರೆ ಎದ್ದು ಹೋಗಿ ಕಾಫಿ ಮಾಡಿಕೊಂಡು ಬರುವಷ್ಟು ಹೊತ್ತು. ನೂರನೇ ಪುಟ ದಾಟಿದ ಮೇಲೆ ಮೆಮೊರಿ ಸಾಲದು ಎಂಬ ಸಂದೇಶ ಬಂದು ಪ್ರೋಗ್ರಾಂ ಮುಚ್ಚಿಕೊಳ್ಳುವುದು ಮಾಮೂಲಾಯಿತು. ಒಂದು ರಾತ್ರಿ ಎರಡು ಗಂಟೆಯ ಕೆಲಸ ಹೋಯಿತು. ಹಳೆಯ ಮೇಷ್ಟ್ರುಗಳ ಫೋಟೋಗಳಿಗೆ ಅಡಿಬರಹ ಹಾಕಿದ್ದ ಪುಟಗಳು ಅವು, ಹೆಸರುಗಳನ್ನು ಫೋನಿನಲ್ಲಿ ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡಿದ್ದೆ. ತುಂಬಾ ಬೇಜಾರಾಯಿತು.

ಮನೆ ಹತ್ತಿರದ ರಿಪೇರಿ ಅಂಗಡಿಯಲ್ಲಿ ಕೇಳಿದೆ. “ರ‍್ಯಾಮ್ ಕಮ್ಮಿ ಮೇಡಂ, ಇನ್ನೊಂದು 8 ಜಿಬಿ ಹಾಕಿಸಿಬಿಡಿ, ಎಲ್ಲ ಸರಿ ಹೋಗುತ್ತೆ” ಅಂದರು. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದೆ. ಒಂದು ಅಂಗಡಿಯಲ್ಲಿ ಲ್ಯಾಪ್‌ಟಾಪ್ ನೋಡದೆಯೇ ಡಿಡಿಆರ್3 ಎಂಬ ಹಳೆಯ ಬಗೆಯದನ್ನು ಕೊಟ್ಟು ಕಳಿಸಿದರು. ನನ್ನದು ಡಿಡಿಆರ್4, ಕಚ್ಚು ಇರುವ ಜಾಗವೇ ಬೇರೆ, ಸ್ಲಾಟಿಗೆ ಕೂರುವುದೇ ಇಲ್ಲ. ಮತ್ತೆ ಹೋಗಿ ಬದಲಾಯಿಸಿಕೊಂಡು ಬಂದೆ. ರ‍್ಯಾಮ್ ತರುವವರು ದಯವಿಟ್ಟು ಲ್ಯಾಪ್‌ಟಾಪನ್ನೇ ತೆಗೆದುಕೊಂಡು ಹೋಗಿ, ಅಲ್ಲೇ ಹಾಕಿಸಿ, ಆನ್ ಮಾಡಿ ನೋಡಿಯೇ ದುಡ್ಡು ಕೊಡಿ.

16 ಜಿಬಿ ಆಯಿತು. ಲ್ಯಾಪ್‌ಟಾಪ್ ಚುರುಕಾಯಿತು, ಅದು ನಿಜ. ಬ್ರೌಸರ್ ಬೇಗ ತೆರೆಯಿತು. ಆದರೆ ಪುಸ್ತಕದ ಫೈಲು ಮಾತ್ರ ಅದೇ ಜಾಗಕ್ಕೆ ಬಂದು ಅದೇ ಸಂದೇಶ ಕೊಟ್ಟು ಮುಚ್ಚಿಕೊಂಡಿತು.

ಇಲ್ಲಿಂದ ಮುಂದೆ ನನಗೆ ಸಹಾಯ ಮಾಡಿದ್ದು ನಮ್ಮಣ್ಣನ ಮಗ. ಅವನು ಬಂದವನೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ಬಳಸುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದ. “ಅತ್ತೆ, ಇದನ್ನ ಮೊದಲು ನೋಡಬೇಕಿತ್ತು” ಅಂದ. ಪ್ರೋಗ್ರಾಂ ಹೆಸರಿನ ಪಕ್ಕದಲ್ಲಿ 32 ಬಿಟ್ ಅಂತ ಇತ್ತು. 32 ಬಿಟ್ ಪ್ರೋಗ್ರಾಂ ಅಂದರೆ ಅದು ಗುರುತಿಸಬಲ್ಲ ವಿಳಾಸಗಳ ಸಂಖ್ಯೆಗೇ ಮಿತಿ ಇದೆ, ಒಟ್ಟು 4,29,49,67,296, ಅಂದರೆ 4 ಜಿಬಿ. ಅದರಲ್ಲೂ ವಿಂಡೋಸ್ ಸಾಮಾನ್ಯವಾಗಿ ಅಂಥ ಪ್ರೋಗ್ರಾಂಗೆ ಬಿಟ್ಟುಕೊಡುವುದು 2 ಜಿಬಿ ಮಾತ್ರ. ದೊಡ್ಡ ಜಾಗ ಬಳಸಲಿ ಅಂತಲೇ ಸಿದ್ಧಪಡಿಸಿದ ಪ್ರೋಗ್ರಾಂ ಆದರೆ 4 ಜಿಬಿ ತನಕ ಹೋಗಬಹುದು. ಮಿಕ್ಕ ರ‍್ಯಾಮ್ ಖಾಲಿ ಇದ್ದರೂ ಅದಕ್ಕೆ ದಕ್ಕುವುದಿಲ್ಲ. ನಾನು ಹಾಕಿಸಿದ 8 ಜಿಬಿ ಆ ಪ್ರೋಗ್ರಾಂ ಪಾಲಿಗೆ ಇದ್ದೂ ಇಲ್ಲದ ಹಾಗೆ.

ಆವತ್ತೇ ಲಿಬ್ರೆ ಆಫೀಸ್‌ನ ಆ ಮಿತಿ ಇಲ್ಲದ 64 ಬಿಟ್ ಆವೃತ್ತಿ ಹಾಕಿಕೊಂಡೆವು. ಕಾಸು ಕೊಡಬೇಕಿಲ್ಲ. 2010ರಲ್ಲಿ ಓಪನ್ ಆಫೀಸ್‌ನಿಂದ ಕವಲೊಡೆದು ಬಂದದ್ದು, ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಮೆನುಗಳನ್ನು ಕನ್ನಡದಲ್ಲೂ ಇಟ್ಟುಕೊಳ್ಳಬಹುದು. ನಾನು ಇಂಗ್ಲಿಷಿನಲ್ಲೇ ಇಟ್ಟುಕೊಂಡೆ, ಯಾಕೆಂದರೆ ಸಹಾಯ ಹುಡುಕುವಾಗ ಅದೇ ಸುಲಭ.

ಈಗ ಫೋಟೋ ವಿಷಯ. ಇದು ಅರ್ಥವಾದರೆ ಮಿಕ್ಕಿದ್ದೆಲ್ಲ ತಾನಾಗಿ ಅರ್ಥವಾಗುತ್ತದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಫೋಟೋ ಫೈಲು 4 ಎಂಬಿ ಇದೆ ಅಂದರೆ ಅದು ಡಿಸ್ಕಿನಲ್ಲಿ ಮಡಚಿಟ್ಟ ಅಳತೆ. ಸೀರೆ ಮಡಚಿ ಬೀರುವಿನಲ್ಲಿ ಇಟ್ಟಾಗ ಒಂದು ಗೇಣು ಜಾಗ, ಬಿಚ್ಚಿ ಒಣಹಾಕಿದರೆ ಅಂಗಳದ ಉದ್ದಕ್ಕೂ ಹಗ್ಗ ಬೇಕು, ಅಲ್ವಾ. ಫೋಟೋವನ್ನು ತೆರೆ ಮೇಲೆ ತೋರಿಸಬೇಕಾದರೆ ಕಂಪ್ಯೂಟರ್ ಅದನ್ನು ಮೆಮೊರಿಯಲ್ಲಿ ಪೂರ್ತಿ ಬಿಚ್ಚಬೇಕು. 4000 ಅಡ್ಡ, 3000 ಉದ್ದದ ಫೋಟೋ ಅಂದರೆ 1 ಕೋಟಿ 20 ಲಕ್ಷ ಚುಕ್ಕಿ. ಒಂದೊಂದು ಚುಕ್ಕಿಗೆ 4 ಬೈಟ್ ಹಿಡಿದರೆ 48 ಎಂಬಿ. ಫೈಲು ನಾಲ್ಕೇ ಎಂಬಿ ಇದ್ದರೂ ಬಿಚ್ಚಿದಾಗ 48. ಅಂಥವು 340 ಇದ್ದರೆ 16 ಜಿಬಿ ದಾಟುತ್ತದೆ. ಸಾಫ್ಟ್‌ವೇರ್ ಎಲ್ಲವನ್ನೂ ಒಂದೇ ಸಲ ಬಿಚ್ಚುವುದಿಲ್ಲ, ಕಣ್ಣ ಮುಂದೆ ಇರುವುದನ್ನು ಬಿಚ್ಚಿ ಹಳೆಯದನ್ನು ಕೈಬಿಡುತ್ತಾ ಹೋಗುತ್ತದೆ, ಆದರೆ ಬೇಗ ಬೇಗ ಪುಟ ಸರಿಸಿದಾಗ, ಪಿಡಿಎಫ್ ಮಾಡಿದಾಗ ಭಾರ ಒಟ್ಟಿಗೇ ಬೀಳುತ್ತದೆ. ರ‍್ಯಾಮ್ ತುಂಬಿದ ಮೇಲೆ ವಿಂಡೋಸ್ ಡಿಸ್ಕನ್ನೇ ರ‍್ಯಾಮ್ ಥರ ಬಳಸಲು ಶುರು ಮಾಡುತ್ತದೆ. ಆಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಶೇಕಡಾ 100 ಅಂತ ತೋರಿಸುತ್ತದೆ, ಮೌಸ್ ಕೂಡ ತಡವರಿಸುತ್ತದೆ. ಸಿ ಡ್ರೈವ್‌ನಲ್ಲಿ ಜಾಗವೂ ಇಲ್ಲದಿದ್ದರೆ ಇನ್ನೂ ಕಷ್ಟ.

ಇದು ಗೊತ್ತಿಲ್ಲದೆ ನಾವು ಮಾಡಿದ ಒಂದು ಕೆಲಸ ಹೇಳಬೇಕು. ಫೋಟೋ ಭಾರ ಇಳಿಸೋಣ ಅಂತ ಮೊಬೈಲ್ ಆ್ಯಪ್ ಒಂದರಲ್ಲಿ ಎಲ್ಲವನ್ನೂ 500 ಕೆಬಿಗೆ ತಂದೆವು. ಫೈಲಿನ ಗಾತ್ರ ಚೆನ್ನಾಗಿ ಇಳಿಯಿತು, ಆದರೆ ಹ್ಯಾಂಗ್ ಆಗುವುದು ಸ್ವಲ್ಪವೂ ತಪ್ಪಲಿಲ್ಲ. ಆ ಆ್ಯಪ್ ಗುಣಮಟ್ಟ ಇಳಿಸಿತ್ತೇ ಹೊರತು 4000 ಗುಣಿಸು 3000 ಹಾಗೇ ಇತ್ತು. ಬಿಚ್ಚಿದರೆ ಮತ್ತೆ ಅದೇ 48 ಎಂಬಿ. ಮೆಮೊರಿಯ ವಿಷಯದಲ್ಲಿ ಕೆಬಿ ಲೆಕ್ಕಕ್ಕಿಲ್ಲ, ಚುಕ್ಕಿಗಳ ಸಂಖ್ಯೆಯೇ ಲೆಕ್ಕ. ಹಾಗೇ ಪುಟದ ಮೇಲೆ ಫೋಟೋದ ಮೂಲೆ ಹಿಡಿದು ಎಳೆದು ಸಣ್ಣದು ಮಾಡಿದರೂ ಒಳಗಿನ ಚುಕ್ಕಿಗಳು ಕಮ್ಮಿ ಆಗುವುದಿಲ್ಲ. ನೋಡಲು ಚಿಕ್ಕದು, ಹೊರಲು ಅಷ್ಟೇ ಭಾರ.

ಸ್ಕ್ಯಾನ್ ಮಾಡಿಸಿದ ಹಳೆಯ ಫೋಟೋಗಳದ್ದು ಇನ್ನೂ ದೊಡ್ಡ ಕಥೆ. ಒಂದು ಡಿಟಿಪಿ ಸೆಂಟರಿನಲ್ಲಿ 1200 ಡಿಪಿಐಗೆ (ಅಂಗುಲಕ್ಕೆ 1200 ಚುಕ್ಕಿ), ಬಣ್ಣದ, ಮಡಚದ ಟಿಫ್ ಫೈಲಾಗಿ ಸ್ಕ್ಯಾನ್ ಮಾಡಿ ಕೊಟ್ಟಿದ್ದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ 6 ಅಂಗುಲ ಗುಣಿಸು 4 ಅಂಗುಲದ ಕಪ್ಪು ಬಿಳುಪು ಫೋಟೋ ಹಾಗೆ ಸ್ಕ್ಯಾನ್ ಆದರೆ 7200 ಗುಣಿಸು 4800 ಚುಕ್ಕಿ, ಫೈಲೇ 100 ಎಂಬಿ, ಬಿಚ್ಚಿದರೆ ಸುಮಾರು 138 ಎಂಬಿ. ನಲವತ್ತು ಫೋಟೋ ಹಾಗೆ ಇದ್ದವು. ಅಚ್ಚಿಗೆ ಫೋಟೋ ಎಷ್ಟು ಅಗಲ ಬರುತ್ತದೋ ಆ ಅಳತೆಗೆ ಅಂಗುಲಕ್ಕೆ 300 ಚುಕ್ಕಿ ಸಾಕು. ಎರಡು ಪಟ್ಟು ದೊಡ್ಡದು ಮಾಡುವುದಿದ್ದರೆ 600ಕ್ಕೆ ಸ್ಕ್ಯಾನ್ ಮಾಡಿಸಿ. ಮೂಲ ಸ್ಕ್ಯಾನ್‌ಗಳನ್ನು ಮಾತ್ರ ಅಳಿಸಬೇಡಿ, ಬೇರೆ ಹಾರ್ಡ್ ಡಿಸ್ಕಿನಲ್ಲಿ ಜೋಪಾನ ಮಾಡಿ. ಆ ಫೋಟೋಗಳ ಕಾಗದ ಇನ್ನೆಷ್ಟು ವರ್ಷ ಉಳಿಯುತ್ತದೋ.

ನಮ್ಮ ಪುಸ್ತಕದ ಪುಟದಲ್ಲಿ ಅಕ್ಷರಗಳ ಸಾಲು ಕೂರುವ ಜಾಗದ ಅಗಲ 6 ಅಂಗುಲ. ಪೂರ್ತಿ ಅಗಲದ ಫೋಟೋಗೆ 1800 ಚುಕ್ಕಿ, ಅರ್ಧ ಅಗಲದ್ದಕ್ಕೆ 900. ಇರ್ಫಾನ್‌ವ್ಯೂ ಎಂಬ ಸಣ್ಣ ಪ್ರೋಗ್ರಾಂ ಇದೆ, ಸ್ವಂತ ಬಳಕೆಗೆ ಉಚಿತ. ಅದರ ಬ್ಯಾಚ್ ಕನ್ವರ್ಶನ್‌ನಲ್ಲಿ ಇಡೀ ಫೋಲ್ಡರ್ ಕೊಟ್ಟು, ಅಗಲ ಹೇಳಿ, ಚಿಕ್ಕ ಫೋಟೋಗಳನ್ನು ಹಿಗ್ಗಿಸಬೇಡ ಅನ್ನುವ ಗುರುತು ಹಾಕಿ ಬಿಟ್ಟರೆ ಎಲ್ಲ ಫೋಟೋ ಹೊಸ ಫೋಲ್ಡರಿಗೆ ಬಂದು ಕೂರುತ್ತವೆ. ನಮ್ಮ ಮನೆಯಲ್ಲಿ ಊಟ ಮುಗಿಸಿ ಬರುವಷ್ಟರಲ್ಲಿ ಮುಗಿದಿತ್ತು. 1800 ಗುಣಿಸು 1350ರ ಫೋಟೋ ಬಿಚ್ಚಿದರೆ 10 ಎಂಬಿಯೂ ಇಲ್ಲ. ಅರ್ಧ ಅಗಲದ್ದು ಎರಡೂವರೆ ಎಂಬಿ. 48 ಎಲ್ಲಿ, ಎರಡೂವರೆ ಎಲ್ಲಿ!

ಇದಕ್ಕೆ ಉಲ್ಟಾ ತೊಂದರೆ ವಾಟ್ಸಾಪ್ ಫೋಟೋಗಳದ್ದು. ಗುಂಪಿನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಅಳತೆ ಇಳಿಸಿಯೇ ಕಳಿಸುತ್ತದೆ. ಒಬ್ಬರಿಂದ ಒಬ್ಬರಿಗೆ ದಾಟಿ ಬಂದ ಫೋಟೋ ಮುಖಗಳೆಲ್ಲ ಮಸುಕಾಗಿ ಬಂದಿದ್ದವು. “ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ” ಅಂತ ಎಲ್ಲರಿಗೂ ಹೇಳಿ ಮತ್ತೆ ತರಿಸಿಕೊಂಡೆ. ಅರವತ್ತು ದಾಟಿದ ಹಿರಿಯರಿಗೆ ಫೋನಿನಲ್ಲಿ ಅದನ್ನು ಹೇಳಿಕೊಡುವುದಕ್ಕೇ ಒಂದು ವಾರ ಬೇಕಾಯಿತು. ಪಾಪ, ಎಲ್ಲರೂ ಪ್ರೀತಿಯಿಂದ ಕಲಿತು ಕಳಿಸಿದರು.

ಇನ್ನು ರೈಟರ್. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಫೋಟೋವನ್ನು ಫೈಲಿನ ಒಳಗೆ ತುಂಬದೆ ಹೊರಗಿನಿಂದ ಲಿಂಕ್ ಮಾಡುವ ಸೌಕರ್ಯ. ಇನ್ಸರ್ಟ್ ಮೆನುವಿನಲ್ಲಿ ಇಮೇಜ್ ಒತ್ತಿ, ಫೋಟೋ ಆರಿಸುವ ಕಿಟಕಿಯಲ್ಲೇ ಲಿಂಕ್ ಅಂತ ಒಂದು ಚೌಕ ಇದೆ, ಅದಕ್ಕೆ ಗುರುತು ಹಾಕಬೇಕು. ಆಗ ಫೋಟೋ ಅದರ ಫೋಲ್ಡರಿನಲ್ಲೇ ಇರುತ್ತದೆ, ಪುಸ್ತಕದ ಫೈಲು ವಿಳಾಸ ಮಾತ್ರ ಬರೆದಿಟ್ಟುಕೊಳ್ಳುತ್ತದೆ. ನಮ್ಮ ಮೊದಲ ಅಧ್ಯಾಯದ ಫೈಲು ಫೋಟೋ ಒಳಗೆ ತುಂಬಿದಾಗ 180 ಎಂಬಿ ಇತ್ತು, ಲಿಂಕ್ ಮಾಡಿದ ಮೇಲೆ 1 ಎಂಬಿಗಿಂತ ಕಮ್ಮಿ. ಸೇವ್ ಒತ್ತಿದ ಕೂಡಲೇ ಆಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ತಾನೇ ಕಾಪಿ ತೆಗೆದಿಡುವ ಆಟೋ ರಿಕವರಿ ಕೂಡ ಈಗ ನಡುವೆ ಬಂದು ಕೆಲಸ ನಿಲ್ಲಿಸುವುದಿಲ್ಲ. ಆಮೇಲೆ ಯಾವುದೋ ಫೋಟೋ ಇನ್ನೂ ಸ್ಪಷ್ಟವಾದದ್ದು ಸಿಕ್ಕಿತು ಅನ್ನಿ, ಅದೇ ಹೆಸರಿನಲ್ಲಿ ಫೋಲ್ಡರಿನಲ್ಲಿ ಬದಲಾಯಿಸಿದರೆ ಸಾಕು, ಫೈಲು ಮತ್ತೆ ತೆರೆದಾಗ ಹೊಸದು ಬರುತ್ತದೆ.

ಒಂದು ಎಚ್ಚರಿಕೆ ಬೇಕು. ಫೈಲು ಒಂದನ್ನೇ ಮೇಲ್ ಮಾಡಿದರೆ ಆ ಕಡೆಯವರಿಗೆ ಖಾಲಿ ಚೌಕ ಕಾಣುತ್ತದೆ. ಹೆಡ್‌ಮೇಷ್ಟ್ರಿಗೆ ಹಾಗೆ ಕಳಿಸಿದ್ದೆ, ಅವರು ಗಾಬರಿಯಾಗಿ “ಫೋಟೋ ಒಂದೂ ಇಲ್ಲವಲ್ಲಮ್ಮ” ಅಂತ ಫೋನ್ ಮಾಡಿದರು. ಪುಸ್ತಕಕ್ಕೆ ಅಂತ ಒಂದು ಫೋಲ್ಡರ್, ಅದರ ಒಳಗೆ ಫೋಟೋ ಫೋಲ್ಡರ್, ಕೊಂಡೊಯ್ಯುವಾಗ ಇಡೀ ಫೋಲ್ಡರ್ ಪೆನ್‌ಡ್ರೈವಿಗೆ. ಹೀಗೆ ಮಾಡಿದರೆ ಲಿಂಕ್ ತಪ್ಪುವುದಿಲ್ಲ. ಬರೀ ನೋಡಲು ಕಳಿಸುವುದಿದ್ದರೆ ಪಿಡಿಎಫ್ ಸಾಕು.

ಈಗಾಗಲೇ ಫೋಟೋ ತುಂಬಿ ಫೈಲು ಭಾರವಾಗಿದ್ದರೆ ಅದಕ್ಕೂ ದಾರಿ ಇದೆ. ರೈಟರ್ ಸೇವ್ ಮಾಡುವ ಒಡಿಟಿ ಫೈಲು ಅನ್ನುವುದು ಅಸಲಿಗೆ ಒಂದು ಜಿಪ್, ಅಂದರೆ ಹಲವು ಫೈಲುಗಳನ್ನು ಮಡಚಿಟ್ಟ ಕಟ್ಟು. ಫೈಲಿನ ಒಂದು ನಕಲು ಮಾಡಿ, ಹೆಸರಿನ ಕೊನೆಯ ಒಡಿಟಿಯನ್ನು ಜಿಪ್ ಅಂತ ಬದಲಾಯಿಸಿ ತೆರೆದರೆ ಪಿಕ್ಚರ್ಸ್ ಅಂತ ಒಂದು ಫೋಲ್ಡರ್ ಸಿಗುತ್ತದೆ. ಯಾವ ಫೋಟೋ ಎಷ್ಟು ಭಾರ ಅಂತ ಅಲ್ಲಿ ಗೊತ್ತಾಗುತ್ತದೆ. ಆಮೇಲೆ ಪುಟದಲ್ಲಿ ಆ ಫೋಟೋ ಮೇಲೆ ಬಲಗಡೆಯ ಬಟನ್ ಒತ್ತಿ ಕಂಪ್ರೆಸ್ ಆರಿಸಿ, ರೆಸಲ್ಯೂಶನ್ 300 ಡಿಪಿಐಗೆ ಇಳಿಸಿದರೆ ಚುಕ್ಕಿಗಳೇ ಕಮ್ಮಿಯಾಗುತ್ತವೆ. ಒಂದೊಂದೇ ಮಾಡಬೇಕು, ಹಾಗಾಗಿ ಐವತ್ತಕ್ಕಿಂತ ಜಾಸ್ತಿ ಇದ್ದರೆ ಇರ್ಫಾನ್‌ವ್ಯೂ ದಾರಿಯೇ ಮೇಲು. ಅಕ್ಷರ ತಿದ್ದುವ ಹೊತ್ತಿನಲ್ಲಿ ಫೋಟೋ ಕಾಣಬೇಕಾಗಿಯೇ ಇಲ್ಲ, ವ್ಯೂ ಮೆನುವಿನಲ್ಲಿ ಇಮೇಜಸ್ ಅಂಡ್ ಚಾರ್ಟ್ಸ್ ಗುರುತು ತೆಗೆದುಬಿಟ್ಟರೆ ಬರೀ ಅಕ್ಷರ ಇರುವ ಪುಸ್ತಕದ ಹಾಗೆ ಸರಾಗವಾಗಿ ಓಡುತ್ತದೆ. ಕರಡು ತಿದ್ದುವ ಎರಡು ವಾರ ನಾನು ಹಾಗೇ ಇಟ್ಟುಕೊಂಡಿದ್ದೆ.

ಫೋಟೋ ಜಿಗಿಯುವುದು ಇನ್ನೊಂದು ಕಾಟ. ಮೇಲೆ ಒಂದು ಸಾಲು ಸೇರಿಸಿದರೆ ಕೆಳಗಿನ ಹತ್ತು ಫೋಟೋ ಎಲ್ಲೆಲ್ಲೋ ಹೋಗುತ್ತವೆ, ಕಂಪ್ಯೂಟರ್ ಪುಟಗಳನ್ನು ಮತ್ತೆ ಮತ್ತೆ ಜೋಡಿಸುತ್ತಾ ಕೂರುತ್ತದೆ. ಫೋಟೋ ಯಾವುದಕ್ಕೆ ಅಂಟಿಕೊಂಡಿರಬೇಕು ಅಂತ ಹೇಳುವ ಆ್ಯಂಕರ್ ‘ಆ್ಯಸ್ ಕ್ಯಾರೆಕ್ಟರ್’ ಅಂತ ಮಾಡಿದರೆ ಅದು ಒಂದು ದೊಡ್ಡ ಅಕ್ಷರದ ಹಾಗೆ ಸಾಲಿನಲ್ಲೇ ಕೂರುತ್ತದೆ. ಎರಡು ಫೋಟೋ ಪಕ್ಕ ಪಕ್ಕ ಬೇಕಾದಾಗ ಗೆರೆಯಿಲ್ಲದ ಟೇಬಲ್ ಹಾಕಿ ಒಳಗೆ ಇಟ್ಟೆ, ಕೆಳಗಿನ ಮನೆಯಲ್ಲಿ ಅಡಿಬರಹ. ಒಂದೂ ಕದಲಲಿಲ್ಲ.

228 ಪುಟವನ್ನು ಒಂದೇ ಫೈಲಿನಲ್ಲಿ ಇಡಲಿಲ್ಲ. ಶಾಲೆಯ ಚರಿತ್ರೆ, ಮೇಷ್ಟ್ರುಗಳು, ಹಳೆಯ ವಿದ್ಯಾರ್ಥಿಗಳ ನೆನಪು, ಊರು, ದಾನಿಗಳು ಅಂತ ಐದು ಫೈಲು. ಕೊನೆಗೆ ಮಾಸ್ಟರ್ ಡಾಕ್ಯುಮೆಂಟ್ ಅಂತ ಒಂದು ಮಾಡಿ ಐದನ್ನೂ ಅದರಲ್ಲಿ ಪೋಣಿಸಿದರೆ ಪುಟಸಂಖ್ಯೆ, ಪರಿವಿಡಿ ಎಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ಐದಕ್ಕೂ ಒಂದೇ ಸ್ಟೈಲ್ ಹೆಸರುಗಳು ಇರಬೇಕು, ಇಲ್ಲದಿದ್ದರೆ ತಲೆಬರಹಗಳ ಅಳತೆ ಅಧ್ಯಾಯಕ್ಕೊಂದು ಥರ ಆಗುತ್ತದೆ.

ಕನ್ನಡದ ಬಗ್ಗೆ ಒಂದು ಮಾತು, ಇದು ಬೇರೆ ವಿಮರ್ಶೆಗಳಲ್ಲಿ ನನಗೆ ಸಿಗಲಿಲ್ಲ. ರೈಟರ್‌ನಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಫಾಂಟ್, ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಫಾಂಟ್, ಅಳತೆಯೂ ಬೇರೆ ಬೇರೆ. ಆಯ್ಕೆಗಳಲ್ಲಿ ಭಾಷೆಯ ಜಾಗಕ್ಕೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನುವುದನ್ನು ಚಾಲೂ ಮಾಡಿ ಕನ್ನಡ ಆರಿಸಬೇಕು. ಆಮೇಲೆ ಸ್ಟೈಲ್‌ನ ಫಾಂಟ್ ಪುಟದಲ್ಲಿ ಕನ್ನಡದ ಜಾಗ ಬೇರೆಯೇ ಕಾಣುತ್ತದೆ, ಅಲ್ಲಿ ನೋಟೋ ಸೆರಿಫ್ ಕನ್ನಡ ಇಟ್ಟೆ. ಇದು ಗೊತ್ತಿಲ್ಲದಿದ್ದರೆ ಅಳತೆ 12 ಅಂತ ಕೊಟ್ಟರೂ ಕನ್ನಡ ಬದಲಾಗುವುದೇ ಇಲ್ಲ ಅಂತ ತಲೆ ಕೆಡುತ್ತದೆ. ಕೆಲವು ಲೇಖನಗಳು ಹಳೆಯ ನುಡಿ ಅಕ್ಷರದಲ್ಲಿ ಬಂದಿದ್ದವು, ಅವನ್ನು ಯೂನಿಕೋಡಿಗೆ ತಂದು ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿದೆವು.

ಹಳೆಯ ಸಲಹೆಗಳಲ್ಲಿ ಮೆಮೊರಿ ಅಂತ ಒಂದು ಆಯ್ಕೆಯ ಪುಟ ತೆರೆದು ಚಿತ್ರಗಳ ಕ್ಯಾಶ್ (ಬಿಚ್ಚಿದ ಚಿತ್ರಗಳನ್ನು ಇಟ್ಟುಕೊಳ್ಳುವ ಜಾಗ) ಹೆಚ್ಚಿಸಿ ಅಂತ ಸಿಗುತ್ತದೆ. ಅದು ಓಪನ್ ಆಫೀಸಿನಲ್ಲಿ ಇರುವುದು, ಲಿಬ್ರೆ ಆಫೀಸಿನ ಹಳೆಯ ಆವೃತ್ತಿಗಳಲ್ಲೂ ಇತ್ತು. ಈಗಿನ ಲಿಬ್ರೆ ಆಫೀಸಿನಲ್ಲಿ ಆ ಪುಟ ಇಲ್ಲ, ಹುಡುಕಿ ಹೊತ್ತು ಕಳೆಯಬೇಡಿ. ಪುಟ ಸರಿಸುವಾಗ ಚಿತ್ರ ಕದಡಿದ ಹಾಗೆ ಕಂಡರೆ ವ್ಯೂ ಆಯ್ಕೆಯಲ್ಲಿ ಸ್ಕಿಯಾ ಅನ್ನುವ, ತೆರೆ ಮೇಲೆ ಚಿತ್ರ ಬಿಡಿಸುವ ವ್ಯವಸ್ಥೆಯ ಗುರುತು ತೆಗೆದು ನೋಡಿ, ಕೆಲವು ಗ್ರಾಫಿಕ್ಸ್ ಕಾರ್ಡುಗಳಿಗೆ ಅದು ಹೊಂದುವುದಿಲ್ಲ. ಬೇರೆ ಬೇರೆ ಪ್ರೋಗ್ರಾಂಗಳೂ ಕಾರಣವಿಲ್ಲದೆ ಮುಚ್ಚಿಕೊಳ್ಳುತ್ತಿದ್ದರೆ ಮಾತ್ರ ರ‍್ಯಾಮೇ ಕೆಟ್ಟಿರಬಹುದು ಅಂತ ಅನುಮಾನಪಡಬೇಕು. ವಿಂಡೋಸ್‌ನಲ್ಲೇ ಮೆಮೊರಿ ಡಯಾಗ್ನಾಸ್ಟಿಕ್ ಅಂತ ಪರೀಕ್ಷೆ ಇದೆ, ರಾತ್ರಿ ಮಲಗುವಾಗ ಹಾಕಿ ಬಿಡಿ.

ಇಷ್ಟೆಲ್ಲ ಆದ ಮೇಲೆ ಐದರಲ್ಲಿ ದೊಡ್ಡ ಅಧ್ಯಾಯ, 96 ಪುಟ, 150 ಫೋಟೋ, ತೆರೆದಾಗ ಟಾಸ್ಕ್ ಮ್ಯಾನೇಜರಿನಲ್ಲಿ 1 ಜಿಬಿಯೂ ತೋರಿಸಲಿಲ್ಲ. ಅಂದರೆ ನನ್ನ ಹಳೆಯ 8 ಜಿಬಿಯೇ ಸಾಕಾಗಿತ್ತು. ಪಿಡಿಎಫ್ ಮಾಡುವ ಕಿಟಕಿಯಲ್ಲಿ ಚಿತ್ರಗಳ ರೆಸಲ್ಯೂಶನ್ 300 ಡಿಪಿಐ, ಗುಣಮಟ್ಟ 90 ಅಂತ ಮೊದಲೇ ಇರುತ್ತದೆ, ಅದನ್ನು ಹಾಗೇ ಬಿಟ್ಟೆ. ಪಿಡಿಎಫ್ ಸರಿಯಾಗಿ ಬಂತು.

ಮುಖಪುಟಕ್ಕೆ ಮಾತ್ರ ರೈಟರ್ ಆಗುವುದಿಲ್ಲ. ನಾಲ್ಕು ಬಣ್ಣದ ಅಚ್ಚಿಗೆ ಬೇಕಾದ ಸಿಎಂವೈಕೆ ಪಿಡಿಎಫ್ ಇದು ಕೊಡುವುದಿಲ್ಲ, ಅಂಚು ಕತ್ತರಿಸಲು ಬಿಡುವ ಬ್ಲೀಡ್ ಜಾಗಕ್ಕೂ ಸರಿಯಾದ ವ್ಯವಸ್ಥೆ ಇಲ್ಲ. ಒಳಪುಟಗಳು ಕಪ್ಪು ಬಿಳುಪು ಆದ್ದರಿಂದ ಅಲ್ಲಿ ತೊಂದರೆಯಾಗಲಿಲ್ಲ, ನಡುವಿನ 16 ಬಣ್ಣದ ಪುಟಗಳನ್ನು ಪ್ರೆಸ್ಸಿನವರೇ ಸಿಎಂವೈಕೆಗೆ ಬದಲಾಯಿಸಿಕೊಂಡರು. ಮುಖಪುಟವನ್ನು ಪುಟ ವಿನ್ಯಾಸದ ಪ್ರೋಗ್ರಾಂ ಆದ ಸ್ಕ್ರೈಬಸ್‌ನಲ್ಲಿ ಮಾಡಿದೆ. ಅದೂ ಉಚಿತ, ಫೋಟೋಗಳನ್ನು ಮೊದಲಿಂದಲೂ ಲಿಂಕ್ ಮಾಡಿಯೇ ಇಡುತ್ತದೆ, ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಈಗಿನ 1.6 ಆವೃತ್ತಿಯಲ್ಲಿ ಸರಿಯಾಗಿ ಕೂರುತ್ತವೆ. ಮುಖಪುಟಕ್ಕೆ ಹಾಕಿದ್ದು ಶಾಲೆಯ ಹಳೆಯ ಹೆಂಚಿನ ಕಟ್ಟಡ, ಮುಂದೆ ಸಾಲಾಗಿ ಕೂತ ಮಕ್ಕಳು. ಡಿಟಿಪಿ ಸೆಂಟರಿನವರು 1200ಕ್ಕೆ ಸ್ಕ್ಯಾನ್ ಮಾಡಿದ್ದ ಫೋಟೋಗಳಲ್ಲೇ ಒಂದು. ಅಷ್ಟು ದೊಡ್ಡದಾಗಿ ಹಿಗ್ಗಿಸಬೇಕಾದ ಆ ಒಂದು ಕಡೆ ಅವರ ಸ್ಕ್ಯಾನ್ ತುಂಬಾ ಉಪಕಾರಕ್ಕೆ ಬಂತು, ಒಂದೊಂದು ಮಗುವಿನ ಮುಖವೂ ಸ್ಪಷ್ಟವಾಗಿ ಬಂದಿದೆ.